ಜಪಾನಿನಲ್ಲಿ ದಾರಿ ಕೇಳಿಸಿಕೊಳ್ಳುವುದು

ಪುಟ್ಟಿ,

ನಗೋಯಾಕ್ಕೆ ಹೊರಡೋ ಮುಂಚೆ ನಾಲ್ಕು ಮಾತು ಜಪಾನಿ ಕಲಿಯಬೇಕು ಅಂತ ಪುಸ್ತಕ ತಂದಿಟ್ಟುಕೊಂಡಿದ್ದೀಯಂತೆ, ನಿಮ್ಮಪ್ಪ ಹೇಳಿದ. ಒಳ್ಳೇದು. ಆದರೆ ಆ ಪುಸ್ತಕಗಳೆಲ್ಲ ಒಂದೇ ಅಚ್ಚಿನವು. 'ಸ್ಟೇಷನ್ ಎಲ್ಲಿದೆ', 'ಬಸ್ಸು ಎಷ್ಟೊತ್ತಿಗೆ', 'ಟಿಕೆಟ್ಟು ಎಷ್ಟು' ಅಂತ ಪುಟಗಟ್ಟಲೆ ಪ್ರಶ್ನೆಗಳೇ. ನೀನು ಅವನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಅಲ್ಲಿ ಯಾರನ್ನೋ ನಿಲ್ಲಿಸಿ ಸ್ಪಷ್ಟವಾಗಿ ಕೇಳ್ತೀಯ. ಪಾಪ, ಅವರು ಈ ಹುಡುಗಿಗೆ ಭಾಷೆ ಬರುತ್ತೆ ಅಂದುಕೊಂಡು ಪಟಪಟನೆ ಉತ್ತರ ಹೇಳ್ತಾರೆ. ಆ ಉತ್ತರ ಪುಸ್ತಕದಲ್ಲಿ ಇರಲ್ಲ. ಅದಕ್ಕೇ ಹೇಳೋದು, ಪ್ರಶ್ನೆ ಎರಡೋ ಮೂರೋ ಸಾಕು. ಉತ್ತರ ಕಲಿತುಕೊಂಡು ಹೋಗು. ದಾರಿ ಹೇಳುವವರ ಬಾಯಲ್ಲಿ ಬರೋ ಮಾತುಗಳು ಎಣಿಸಿದರೆ ಮೂವತ್ತು ನಲವತ್ತು ದಾಟಲ್ಲ. ಅವೇ ಹಿಂದೆಮುಂದಾಗಿ ಬರ್ತಾ ಇರ್ತವೆ.

ಇನ್ನೊಂದು ವಿಷಯ. ದಯವಿಟ್ಟು ಇಂಗ್ಲಿಷಿನ ಮೂಲಕ ಕಲಿಯಬೇಡ. 1997ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಶುರುವಾದ ಮೇಲೆ ನಮ್ಮ ಕಡೆಯಿಂದ ನಗೋಯಾ ಇರೋ ಐಚಿ ಪ್ರಾಂತ್ಯಕ್ಕೆ ತರಬೇತಿಗೆ ಹೋಗಿಬಂದ ಹುಡುಗರನ್ನ ನಾನು ನೋಡಿದ್ದೀನಿ. ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಂಡು ಅದನ್ನು ಜಪಾನಿಗೆ ತಿರುಗಿಸೋಕೆ ಹೋದವರು ತಡವರಿಸುತ್ತಲೇ ಉಳಿದರು. ಕನ್ನಡದಲ್ಲಿ ಯೋಚನೆ ಮಾಡಿದವರಿಗೆ ಎರಡೇ ತಿಂಗಳಲ್ಲಿ ನಾಲಿಗೆ ಹೊರಳಿತು. ಕಾರಣ ಸುಲಭ. ನಮ್ಮ ಹಾಗೇ ಜಪಾನಿನವರದ್ದೂ ಕ್ರಿಯಾಪದ ಕೊನೆಗೆ. ವಿಭಕ್ತಿಯೂ ನಮ್ಮ ಹಾಗೇ ಪದದ ಬಾಲಕ್ಕೆ. 'ನಗೋಯಾದಿಂದ ಕ್ಯೋಟೊವರೆಗೆ ರೈಲಲ್ಲಿ ಹೋಗ್ತೀನಿ' ಅನ್ನೋದನ್ನ ಅವರು 'ನಗೊಯ ಕರ ಕ್ಯೋತೊ ಮದೆ ದೆನ್ಶ ದೆ ಇಕಿಮಸ್' ಅಂತಾರೆ. 'ಕರ' ಅಂದರೆ ನಮ್ಮ 'ಇಂದ', 'ಮದೆ' ಅಂದರೆ 'ವರೆಗೆ'. ಒಂದು ಪದವನ್ನೂ ಜಾಗ ಬದಲಾಯಿಸಬೇಕಾಗಿಲ್ಲ. ಆ 'ದೆ' ನೋಡು. ನಾವು 'ರೈಲಲ್ಲಿ ಹೋಗ್ತೀನಿ' ಅಂತೀವಿ, 'ನಗೋಯಾದಲ್ಲಿ ಇಳೀತೀನಿ' ಅಂತಲೂ ಅಂತೀವಿ. ವಾಹನಕ್ಕೂ ಜಾಗಕ್ಕೂ ಒಂದೇ 'ಅಲ್ಲಿ'. ಅವರೂ ಹಾಗೇ: 'ದೆನ್ಶ ದೆ', 'ನಗೊಯ ದೆ'. ಇಂಗ್ಲಿಷ್ ಹಿಡಿದುಕೊಂಡವನು ಇಲ್ಲಿ ಎರಡು ನಿಯಮ ಕಲೀಬೇಕು. ನಿನಗೆ ಒಂದೂ ಬೇಡ.

ದಾರಿ ಹೇಳುವಾಗಲಂತೂ ಎರಡೂ ಭಾಷೆ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತವೆ. ನಿಮ್ಮ ಅಜ್ಜಿ ದಾರಿ ಹೇಳಿದ್ದು ನೆನಪು ಮಾಡಿಕೋ: 'ನೆಟ್ಟಗೆ ಹೋಗಿ, ಬಲಕ್ಕೆ ತಿರುಗಿ, ಸೇತುವೆ ದಾಟಿ…' ಈ 'ಹೋಗಿ, ತಿರುಗಿ, ದಾಟಿ' ಪೋಣಿಸುವ ಕ್ರಮವೇ ಅಲ್ಲೂ ಇರೋದು. 'ಮಸ್ಸುಗು ಇತ್ತೆ, ಮಿಗಿ ನಿ ಮಗತ್ತೆ, ಹಶಿ ಒ ವತತ್ತೆ…' ಇತ್ತೆ ಅಂದರೆ ಹೋಗಿ, ಮಗತ್ತೆ ತಿರುಗಿ, ವತತ್ತೆ ದಾಟಿ. ಮಸ್ಸುಗು ನೆಟ್ಟಗೆ, ಮಿಗಿ ಬಲ, ಹಿದರಿ ಎಡ. ಕೊನೆಗೊಂದು 'ಕುದಸೈ' ಹಾಕಿದರೆ ಮರ್ಯಾದೆ ಕೊಟ್ಟ ಹಾಗೆ. ಮುಂದಿನದ್ದು ಇನ್ನೂ ಚೆನ್ನಾಗಿದೆ. ನಾವು 'ತಿರುಗಿದರೆ ಎಡಗಡೆ ಇದೆ' ಅಂತೀವಲ್ಲ, ಅವರು 'ಮಗರು ತೊ, ಹಿದರಿ ನಿ ಅರಿಮಸ್' ಅಂತಾರೆ. ಆ 'ತೊ' ನಮ್ಮ 'ದರೆ'. ಕಿವಿಯನ್ನ ಆ 'ತೊ' ಮೇಲೇ ಇಟ್ಟಿರು. ಅದು ಬಂತು ಅಂದರೆ ನಡೆಯೋ ಭಾಗ ಮುಗೀತು, ಇನ್ನು ಮುಂದೆ ಬರೋದು ಅಲ್ಲಿ ಏನು ಕಾಣಿಸುತ್ತೆ ಅನ್ನೋದು.

ಪ್ರಶ್ನೆ ಕೇಳೋದರಲ್ಲೂ ನಮ್ಮ ಜಾಯಮಾನವೇ. ದೊಡ್ಡವರನ್ನ ದಾರಿ ಕೇಳುವಾಗ ನಾವು 'ಸಾರ್, ಸ್ಟೇಷನ್ನಿಗೆ ಹೋಗ್ಬೇಕಿತ್ತು…' ಅಂತ ಎಳೆದು ಬಿಡ್ತೀವಿ, ಪೂರ್ತಿ ಮಾಡಲ್ಲ. ಉಳಿದದ್ದು ಅವರಿಗೆ ಅರ್ಥವಾಗುತ್ತೆ. ಜಪಾನಿನವರದ್ದೂ ಅದೇ ರೀತಿ: 'ಸುಮಿಮಸೆನ್, ತೊಯೊತಶಿ ಎಕಿ ಎ ಇಕಿತೈನ್ ದೆಸ್ ಗ…' ಎಕಿ ಅಂದರೆ ಸ್ಟೇಷನ್. ಕೊನೆಯ 'ಗ' ಮೇಲೆ ದನಿ ಇಳಿಸಿ ಸುಮ್ಮನಾಗಿಬಿಡು. ಇದೊಂದು ವಾಕ್ಯ, ಮತ್ತೆ 'ದೊನೊ ಕುರೈ ಕಕರಿಮಸ್ ಕ' ಅಂತ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳೋ ಇನ್ನೊಂದು, ಇವೆರಡು ನಿನ್ನ ಕೈಯಲ್ಲಿದ್ದರೆ ಪ್ರಶ್ನೆಗಳ ಕೋಟಾ ಹೆಚ್ಚುಕಮ್ಮಿ ಮುಗಿದಂತೆ.

ಬರೆದುಕೊಳ್ಳುವಾಗ ಕನ್ನಡ ಅಕ್ಷರದಲ್ಲೇ ಬರೆದುಕೋ. ಇದು ಭಾಷಾಭಿಮಾನದ ಮಾತಲ್ಲ, ಲೆಕ್ಕಾಚಾರದ ಮಾತು. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. 'ತೋರಿ' ರಸ್ತೆ, 'ತೊರಿ' ಹಕ್ಕಿ. 'ಬಿರು' ಅಂದರೆ ಕಟ್ಟಡ, 'ಬೀರು' ಅಂದರೆ ಕುಡಿಯೋ ಬಿಯರು. ನಮ್ಮ ಬಟ್ಟೆ ಇಡೋ ಬೀರು ಅಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಅಕ್ಷರದ ಪುಸ್ತಕಗಳು ಎಷ್ಟೋ ಸಲ ಈ ದೀರ್ಘವನ್ನ ನುಂಗಿಬಿಡ್ತವೆ. ಎ ಏ, ಒ ಓ ಎರಡನ್ನೂ ಬೇರೆ ಬೇರೆ ಬರೆಯೋ ಲಿಪಿ ನಮ್ಮದು. ಒತ್ತಕ್ಷರ ಇರೋದರಿಂದ 'ಕಿಪ್ಪು' (ಟಿಕೆಟ್ಟು), 'ಮಸ್ಸುಗು' ಎಲ್ಲ ಸಲೀಸು. ಜೊತೆಗೆ ಅವರದ್ದು ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಪೇಪರಿನಲ್ಲಿ ಟೋಕಿಯೊ ಅಂತ ಅಚ್ಚಾದರೂ ಬಾಯಲ್ಲಿ 'ತೋಕ್ಯೋ' ಅನ್ನು, ಕೇಳಿದವರಿಗೆ ಖುಷಿಯಾಗುತ್ತೆ.

ಇನ್ನು ಅವರು ದಾರಿ ಹೇಳೋದು ಯಾಕೆ ಸಿಗ್ನಲ್ಲು, ಮೂಲೆ, ಅಂಗಡಿಗಳ ಲೆಕ್ಕದಲ್ಲಿ ಅಂತ ನಿನಗೆ ಅನ್ನಿಸಬಹುದು. ಜಪಾನಿನ ಬಹುಪಾಲು ಊರುಗಳಲ್ಲಿ ಬೀದಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ಬಡಾವಣೆ, ಅದರೊಳಗೆ 'ಚೋಮೆ' ಅನ್ನೋ ಭಾಗ, ಆಮೇಲೆ ಬ್ಲಾಕಿನ ನಂಬರು, ಮನೆಯ ನಂಬರು. ನಾಲ್ಕನೇ ಅಡ್ಡರಸ್ತೆ, ಎರಡನೇ ಮೇನ್ ಅಂತ ಹುಡುಕಿ ರೂಢಿಯಿರೋ ನಮಗೆ ಮೊದಮೊದಲು ಕೈಗೆ ಏನೂ ಸಿಗದ ಹಾಗೆ ಆಗುತ್ತೆ. ಹಾಗಾಗಿ ಉತ್ತರ ಹೀಗೆ ಬರುತ್ತೆ: 'ಫುತತ್ಸುಮೆ ನೊ ಶಿಂಗೋ ಒ ಮಿಗಿ ನಿ ಮಗರು ತೊ, ಕೊಂಬಿನಿ ಗ ಅರಿಮಸ್. ಸೊನೊ ತೊನರಿ ದೆಸ್.' ಎರಡನೇ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಕೊಂಬಿನಿ ಇದೆ, ಅದರ ಪಕ್ಕವೇ. ಶಿಂಗೋ ಸಿಗ್ನಲ್ಲು, ಕೋಸತೆನ್ ಸರ್ಕಲ್ಲು ಅಥವಾ ಜಂಕ್ಷನ್ನು, ಕದೊ ಅಂದರೆ ಮೂಲೆ. ಕೊಂಬಿನಿ ಅಂದರೆ ಇಪ್ಪತ್ನಾಲ್ಕು ಗಂಟೆ ತೆರೆದಿರೋ ಸಣ್ಣ ಅಂಗಡಿ. ಒಂದೇ ಬ್ರ್ಯಾಂಡಿನವು ಒಂದೇ ರಸ್ತೆಯಲ್ಲಿ ಎರಡು ಮೂರು ಇರ್ತವೆ, ಅದಕ್ಕೆ ಯಾವ ಕೊಂಬಿನಿ ಅಂತ ಹೆಸರು ಕೇಳಿಕೋ. ಒಂದನೇ, ಎರಡನೇ, ಮೂರನೇ ಅನ್ನೋದಕ್ಕೆ 'ಹಿತೊತ್ಸುಮೆ, ಫುತತ್ಸುಮೆ, ಮಿತ್ತ್ಸುಮೆ'. ಇವು ಮೂರು ನಿದ್ದೆಯಲ್ಲೂ ಬರಬೇಕು. 'ತೆಮಎ' ಅಂತ ಒಂದಿದೆ, ಅಂದರೆ ಆ ಗುರುತು ಸಿಗೋಕೆ ಸ್ವಲ್ಪ ಮುಂಚೆ, ಈಚೆಗೇ. 'ಹಶಿ ನೊ ತೆಮಎ' ಅಂದರೆ ಸೇತುವೆ ಹತ್ತಬಾರದು. ಇದನ್ನ ಕೇಳಿಸಿಕೊಳ್ಳದವರು ಹೊಳೆ ದಾಟಿಬಿಡ್ತಾರೆ. 'ತ್ಸುಕಿಅತರಿ' ಅಂದರೆ ರಸ್ತೆ ಹೋಗಿ ಗೋಡೆಗೆ ಬಡಿಯೋ ಜಾಗ. ಸಿಗ್ನಲ್ಲಿನ ಹಸಿರನ್ನ ಅವರು 'ಅಒ', ಅಂದರೆ ನೀಲಿ ಅಂತಾರೆ. ತಲೆ ಕೆಡಿಸಿಕೊಳ್ಳಬೇಡ, ದಾಟು. ಗಾಡಿ ಓಡೋದು ನಮ್ಮ ಹಾಗೇ ಎಡಗಡೆ.

ಉತ್ತರ ಕೇಳುವಾಗ ಕಂಬದ ಹಾಗೆ ನಿಂತಿರಬಾರದು. ಹಳ್ಳಿಯಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತಲ್ಲ, ಜಪಾನಿನವರ ಮಾತೂ ಅದೇ ಥರ. ಒಂದು ತುಣುಕು ಹೇಳಿ 'ನೆ' ಅಂತಾರೆ, ನಿನ್ನ ಮುಖ ನೋಡ್ತಾರೆ. ಆಗ 'ಹೈ' ಅನ್ನಬೇಕು. ಅಂದರೇ ಮುಂದಿನ ತುಣುಕು. ನೀನು ಅನ್ನದಿದ್ದರೆ, ಈಕೆಗೆ ಅರ್ಥವಾಗಲಿಲ್ಲ ಅಂತ ಅವರು ಮತ್ತೆ ಮೊದಲಿಂದ ಶುರು ಮಾಡ್ತಾರೆ. ಇಲ್ಲವೇ ತಮಗೆ ಬರೋ ಹರಕುಮುರುಕು ಇಂಗ್ಲಿಷಿಗೆ ಇಳೀತಾರೆ, ಅದು ನಿಮ್ಮಿಬ್ಬರಿಗೂ ಕಷ್ಟ. ಎಲ್ಲ ಮುಗಿದ ಮೇಲೆ ನೀನು ಒಂದು ಕೆಲಸ ಮಾಡಬೇಕು. ಕೇಳಿದ್ದನ್ನ ತಿರುಗಿ ಒಪ್ಪಿಸು: 'ಫುತತ್ಸುಮೆ ನೊ ಶಿಂಗೋ ಒ ಮಿಗಿ, ದೆಸ್ ನೆ?' ಎರಡನೇ ಸಿಗ್ನಲ್ಲಲ್ಲಿ ಬಲಕ್ಕೆ, ಅಲ್ವಾ? ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ನೀನು ಕೆಲಸಕ್ಕೆ ಹೋಗ್ತಿರೋ ಕಾರ್ಖಾನೆಯಲ್ಲೂ ಇದೇ ಪದ್ಧತಿ, ಹೇಳಿದ್ದನ್ನ ಮರಳಿ ಹೇಳಿ ಖಾತ್ರಿ ಮಾಡಿಕೊಳ್ಳೋದು. ರಸ್ತೆಯಲ್ಲಿ ಅಭ್ಯಾಸವಾದರೆ ಕೆಲಸಕ್ಕೂ ಆಯಿತು.

ಯಾರನ್ನ ಕೇಳಬೇಕು ಅನ್ನೋದಕ್ಕೆ ನನ್ನ ಓಟು 'ಕೋಬನ್'ಗೆ. ಅದು ಬೀದಿಬದಿಯ ಪುಟ್ಟ ಪೊಲೀಸ್ ಠಾಣೆ, ಬಾಗಿಲ ಮೇಲೆ ಕೆಂಪು ದೀಪ. ನಮ್ಮಲ್ಲಿ ದಾರಿ ಕೇಳೋಕೆ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಲ್ಲ, ಅಲ್ಲಿ ಜನ ಹೋಗೋದೇ ಹೆಚ್ಚಾಗಿ ದಾರಿ ಕೇಳೋಕೆ. ಒಳಗೆ ಒಂದು ಮೇಜು, ಗೋಡೆಯಲ್ಲಿ ಆ ಪ್ರದೇಶದ ನಕ್ಷೆ, ಪಕ್ಕದಲ್ಲಿ ದಪ್ಪನೆಯ ಒಂದು ಪುಸ್ತಕ. ಆ ಪುಸ್ತಕದಲ್ಲಿ ಪ್ರತಿ ಬ್ಲಾಕಿನ ಪ್ರತಿ ಮನೆ ಗೆರೆ ಎಳೆದು ಗುರುತು ಮಾಡಿರುತ್ತೆ. ಪೇದೆ ಪುಟ ತಿರುವಿ, ನಕ್ಷೆಯನ್ನ ನಿನ್ನ ಕಡೆಗೆ ತಿರುಗಿಸಿ ಇಡ್ತಾನೆ. ತನಗೆ ತಲೆಕೆಳಗಾದರೂ ಪರವಾಗಿಲ್ಲ. ಪೆನ್ಸಿಲ್ಲಿನ ಹಿಂಬದಿಯಿಂದ 'ಇಮ ಕೊಕೊ ದೆಸ್', ಈಗ ನಾವಿಲ್ಲಿದ್ದೀವಿ ಅಂತ ಒತ್ತಿ ತೋರಿಸಿ, ಅಲ್ಲಿಂದ ಒಂದೊಂದೇ ಮೂಲೆಗೆ ನಿಂತು ನಿಂತು ಹೋಗ್ತಾನೆ. ಅವನ ಬಾಯಿ ಮತ್ತು ಪೆನ್ಸಿಲ್ಲು ಒಟ್ಟಿಗೇ ಓಡೋದರಿಂದ ಗೊತ್ತಿಲ್ಲದ ಪದವೂ ಅರ್ಥವಾಗುತ್ತೆ. ದಾರಿಯ ಜಪಾನಿ ಕಲಿಯೋಕೆ ಇದಕ್ಕಿಂತ ಒಳ್ಳೇ ಪಾಠಶಾಲೆ ಇಲ್ಲ, ಫೀಸೂ ಇಲ್ಲ.

'ಫೋನಲ್ಲೇ ಮ್ಯಾಪ್ ಇರುತ್ತಲ್ಲ ದೊಡ್ಡಪ್ಪ' ಅಂತ ನೀನು ಅಂತೀಯ, ಗೊತ್ತು. ಇರಲಿ, ನೋಡು. ಆದರೆ ನಗೋಯಾ ಸ್ಟೇಷನ್ನಿನ ನೆಲಮಾಳಿಗೆಯ ಅಂಗಡಿ ಬೀದಿಗಳಲ್ಲಿ ಆ ನೀಲಿ ಚುಕ್ಕಿ ಎಲ್ಲೆಲ್ಲೋ ಅಲೆಯುತ್ತೆ. ಟೋಕಿಯೊದ ಶಿಂಜುಕು ಸ್ಟೇಷನ್ನಿಗಂತೂ 200ಕ್ಕೂ ಹೆಚ್ಚು ಬಾಗಿಲು. ಅಲ್ಲಿ ಬೇಕಾಗೋದು 'ಗುಚಿ' ಅನ್ನೋ ಬಾಲ: ಹಿಗಶಿಗುಚಿ ಪೂರ್ವದ ಬಾಗಿಲು, ನಿಶಿಗುಚಿ ಪಶ್ಚಿಮ, ಮಿನಮಿಗುಚಿ ದಕ್ಷಿಣ, ಕಿತಗುಚಿ ಉತ್ತರ. ಯಾರನ್ನಾದರೂ ಭೇಟಿಯಾಗೋದಿದ್ದರೆ ಸ್ಟೇಷನ್ ಹೆಸರು ಹೇಳಿದರೆ ಸಾಲದು, ಗುಚಿ ಹೇಳಬೇಕು. ನಗೋಯಾದವರು 'ಕಿಂದೊಕೇ' ಅಂತಾರೆ, ಜೆಆರ್ ಸ್ಟೇಷನ್ನಿನ ಚಿನ್ನದ ಬಣ್ಣದ ಗಡಿಯಾರ; ಇನ್ನೊಂದು ಬದಿಗೆ ಬೆಳ್ಳಿಯದ್ದು, 'ಗಿಂದೊಕೇ'. ಊರಿಗೆ ಊರೇ ಆ ಎರಡು ಗಡಿಯಾರದ ಕೆಳಗೆ ಒಬ್ಬರಿಗೊಬ್ಬರು ಕಾಯುತ್ತೆ.

ನೀನು ದಿನಾ ಓಡಾಡೋದು ಟೊಯೊಟಾಶಿಗೆ ಅಂತಾದರೆ ಎರಡು ದಾರಿ. ಮೇತೆತ್ಸು ರೈಲು ಹಿಡಿದು ಚಿರ್ಯೂನಲ್ಲಿ ಬದಲಿಸೋದು ಒಂದು. ಮೆಟ್ರೊದಲ್ಲಿ ಫುಶಿಮಿಗೆ ಹೋಗಿ, ಅಲ್ಲಿ ತ್ಸುರುಮೈ ಲೈನಿಗೆ ಬದಲಿಸಿದರೆ, ಅದೇ ರೈಲು ಊರಾಚೆ ಮೇತೆತ್ಸು ಹಳಿಗೆ ಸೇರಿಕೊಂಡು ಟೊಯೊಟಾಶಿವರೆಗೂ ಹೋಗುತ್ತೆ, ಅದು ಇನ್ನೊಂದು. ರೈಲು ಬದಲಿಸೋದಕ್ಕೆ 'ನೊರಿಕಎ'. 'ಫುಶಿಮಿ ದೆ ನೊರಿಕಎ'. ನಾವು 'ವಯಾ' ಅನ್ನೋದಕ್ಕೆ ಅವರು 'ಕೇಯು' ಅಂತಾರೆ: 'ಚಿರ್ಯೂ ಕೇಯು'. ಇದು ಬರೀ ಹರಟೆಯ ಮಾತಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಕೂಡಲೇ ನೀನು ಮನೆಯಿಂದ ಆಫೀಸಿಗೆ ಯಾವ ದಾರಿಯಲ್ಲಿ ಬರ್ತೀಯ ಅಂತ ಬರೆದುಕೊಡಬೇಕು, ಅದರ ಮೇಲೆ ಪ್ರಯಾಣ ಭತ್ಯೆ ನಿಗದಿಯಾಗುತ್ತೆ, 'ತೇಕಿ' ಅನ್ನೋ ಪಾಸು ಅದೇ ದಾರಿಗೆ ಕೊಳ್ಳೋದು. ಒಂದು, ಮೂರು, ಆರು ತಿಂಗಳಿಗೆ ಸಿಗುತ್ತೆ. ಪಕ್ಕದ ಮೇಜಿನವರನ್ನ 'ದೊಚಿರ ಗ ಹಯೈ ದೆಸ್ ಕ', ಯಾವುದು ಬೇಗ ಅಂತ ಕೇಳಿ ನೋಡು. ಆಫೀಸಿನ ಅರ್ಧ ಜನ ಸೇರಿಕೊಂಡು ವಾದ ಮಾಡ್ತಾರೆ. ಹೊಸ ಊರಲ್ಲಿ ಸ್ನೇಹ ಬೆಳೆಸೋಕೆ ಹವಾಮಾನಕ್ಕಿಂತ ರೈಲಿನ ದಾರಿಯೇ ವಾಸಿ.

ಮೇತೆತ್ಸು ನಗೋಯಾ ಸ್ಟೇಷನ್ನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಲ್ಲಿ ಇರೋದು ಎರಡೇ ಹಳಿ. ಬೇರೆ ಬೇರೆ ಊರಿನ ರೈಲುಗಳು ಒಂದರ ಹಿಂದೆ ಒಂದು ಅದೇ ಹಳಿಗೆ ಬಂದು ಹೋಗ್ತಾ ಇರ್ತವೆ. ಯಾವ ರೈಲಿಗೆ ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬಣ್ಣದ ಗೆರೆ. ಇಲ್ಲಿ 'ಈ ರೈಲು ಆ ಕಡೆ ಹೋಗುತ್ತಾ' ಅಂತ ಕೇಳಿದರೆ 'ಹೈ' ಅಂತಾರೆ, ಅದು ನಿಜವೂ ಹೌದು. ರೈಲು ಆ ಕಡೆಗೇ ಹೋಗುತ್ತೆ, ನಿನ್ನ ಸ್ಟೇಷನ್ನನ್ನ ಸುಯ್ಯನೆ ದಾಟಿಕೊಂಡು ಹೋಗುತ್ತೆ. ಅದಕ್ಕೇ 'ಇಕಿಮಸ್ ಕ' ಅಂತ ಕೇಳಬೇಡ, 'ತೊಮರಿಮಸ್ ಕ', ನಿಲ್ಲುತ್ತಾ ಅಂತ ಕೇಳು: 'ಕೊನೊ ದೆನ್ಶ ವ ಚಿರ್ಯೂ ನಿ ತೊಮರಿಮಸ್ ಕ?' ರೈಲಿನ ಜಾತಿಗಳನ್ನೂ ತಿಳಿದುಕೋ. 'ಫುತ್ಸೂ' ಎಲ್ಲ ಕಡೆ ನಿಲ್ಲುತ್ತೆ, ನಮ್ಮ ಪ್ಯಾಸೆಂಜರ್ ಗಾಡಿ. ಜುನ್‌ಕ್ಯೂ, ಕ್ಯೂಕೋ, ತೊಕ್ಕ್ಯೂ ಅಂತ ಮೇಲೆ ಹೋದ ಹಾಗೆ ನಿಲ್ಲೋ ಸ್ಟೇಷನ್ನು ಕಡಿಮೆ. ಶಿಂಕಾನ್ಸೆನ್ನಿನಲ್ಲೂ ಇದೇ ತಾರತಮ್ಯ. 1964ರ ಅಕ್ಟೋಬರ್ 1ರಂದು ಶುರುವಾದ ಟೋಕಿಯೊ–ಒಸಾಕಾ ದಾರಿಯಲ್ಲಿ ಈಗ 'ನೊಜ಼ೊಮಿ' ದೊಡ್ಡ ಊರುಗಳಲ್ಲಷ್ಟೇ ನಿಂತರೆ, 'ಕೊದಮ' ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತೆ. ಇಳಿಯೋದು ಒಸಾಕಾದಲ್ಲಲ್ಲ, ಶಿನ್ ಒಸಾಕಾದಲ್ಲಿ. ಅವೆರಡು ಬೇರೆ ಬೇರೆ ಸ್ಟೇಷನ್ನು.

ವರ್ತುಲದ ಲೈನುಗಳಲ್ಲಿ ಮತ್ತೊಂದು ತಮಾಷೆ. ನಗೋಯಾದ ಮೇಜೋ ಲೈನು 2004ರಲ್ಲಿ ಪೂರ್ತಿ ಸುತ್ತಾಯಿತು. ಅಲ್ಲಿ 'ಮಿಗಿಮವರಿ', 'ಹಿದರಿಮವರಿ' ಅಂತಾರೆ, ಬಲಸುತ್ತು ಎಡಸುತ್ತು. ಟೋಕಿಯೊದ ಯಾಮಾನೊತೆ ಲೈನಿನಲ್ಲಿ 'ಸೊತೊಮವರಿ', 'ಉಚಿಮವರಿ', ಹೊರಸುತ್ತು ಒಳಸುತ್ತು. ರೈಲು ಎಡ ಹಳಿಯಲ್ಲಿ ಓಡೋದರಿಂದ ಹೊರಸುತ್ತು ಗಡಿಯಾರದ ಮುಳ್ಳಿನ ದಿಕ್ಕಿಗೆ. ತಪ್ಪು ಸುತ್ತಿಗೆ ಹತ್ತಿದರೂ ಗಾಬರಿ ಬೇಡ, 34.5 ಕಿಲೋಮೀಟರು, ಹೆಚ್ಚುಕಮ್ಮಿ ಒಂದು ಗಂಟೆ, ಹತ್ತಿದಲ್ಲಿಗೇ ತಂದು ಬಿಡುತ್ತೆ.

ನಿಮಿಷದ ಲೆಕ್ಕ ಮಾತ್ರ ಕೂತು ಉರು ಹೊಡೆಯಲೇಬೇಕು. ಇಪ್ಪುನ್, ನಿಫುನ್, ಸಂಪುನ್, ಯೊಂಪುನ್, ಗೊಫುನ್, ರೊಪ್ಪುನ್, ನನಫುನ್, ಹಪ್ಪುನ್, ಕ್ಯೂಫುನ್, ಜುಪ್ಪುನ್. ಯಾವಾಗ 'ಪು', ಯಾವಾಗ 'ಫು' ಅನ್ನೋದಕ್ಕೆ ನಿಯಮ ಹುಡುಕುತ್ತಾ ಕೂರಬೇಡ, ಮಗ್ಗಿಯ ಹಾಗೆ ಹೇಳಿಕೋ. ಮನೆ ಹುಡುಕುವಾಗಲೂ ಇದು ಬೇಕು. 'ಎಕಿ ಕರ ತೊಹೊ ನನಫುನ್', ಸ್ಟೇಷನ್ನಿನಿಂದ ನಡಿಗೆಯಲ್ಲಿ ಏಳು ನಿಮಿಷ ಅಂತ ಜಾಹೀರಾತಲ್ಲಿ ಹಾಕಿರ್ತಾರೆ. ಅದು ಅಂದಾಜಲ್ಲ, ನಿಮಿಷಕ್ಕೆ 80 ಮೀಟರು ಅಂತ ಲೆಕ್ಕ ಹಾಕಬೇಕು ಅನ್ನೋ ನಿಯಮವೇ ಇದೆ. ಸಿಗ್ನಲ್ಲಲ್ಲಿ ನಿಲ್ಲೋದು, ಏರು ಹತ್ತೋದು ಆ ಲೆಕ್ಕದಲ್ಲಿ ಸೇರಿಲ್ಲ. ಇನ್ನು ಯಾರಾದರೂ 'ಅರುಕು ತೊ, ಚೊತ್ತೊ…' ಅಂತ ಎಳೆದು ತಲೆ ಓರೆ ಮಾಡಿದರೆ, ನಡೆದು ಹೋಗೋದಾದರೆ ಸ್ವಲ್ಪ ಅಂತಷ್ಟೇ ಅವರು ಹೇಳಿದ್ದು. ನೀನು ತಿಳಿದುಕೊಳ್ಳಬೇಕಾದ್ದು, ನಡೆಯೋ ಆಸೆ ಬಿಡು, ಬಸ್ ಹಿಡಿ ಅಂತ. ಮುಖದ ಮೇಲೆ ಆಗಲ್ಲ ಅನ್ನೋ ಜನ ಅಲ್ಲ ಅವರು.

ಟ್ರಾಫಿಕ್ಕಿನ ಮಾತು. ಅಲ್ಲೂ ಟ್ರಾಫಿಕ್ ಜಾಮ್ ಇದೆ, 'ಜೂತೈ' ಅಂತಾರೆ. ಎಕ್ಸ್‌ಪ್ರೆಸ್ ಹೆದ್ದಾರಿಯವರ ಲೆಕ್ಕದಲ್ಲಿ ಗಾಡಿಗಳು ಗಂಟೆಗೆ 40 ಕಿಲೋಮೀಟರಿಗಿಂತ ನಿಧಾನಕ್ಕೆ, ಒಂದು ಕಿಲೋಮೀಟರಿಗೂ ಉದ್ದಕ್ಕೆ, 15 ನಿಮಿಷಕ್ಕೂ ಹೆಚ್ಚು ತೆವಳಿದರೆ ಅದು ಜೂತೈ. ಆ ಅಳತೆಗೋಲು ಹಿಡಿದು ನಮ್ಮ ಸಿಲ್ಕ್ ಬೋರ್ಡ್ ಕಡೆ ಬಂದರೆ ಏನಂತಾರೋ! ಊರೊಳಗೆ ಬರೀ ದಟ್ಟಣೆಗೆ 'ಮಿಚಿ ಗ ಕೊಂದೆ ಇಮಸ್', ರಸ್ತೆ ತುಂಬಿದೆ ಅಂತ. 'ತ್ಸೂಕೋದೊಮೆ' ಅಂದರೆ ರಸ್ತೆ ಬಂದ್. 'ಕೋಜಿಚೂ' ಅಂದರೆ ಕಾಮಗಾರಿ ನಡೀತಿದೆ. ಅಲ್ಲಿ ಹೆಲ್ಮೆಟ್ಟು ಹಾಕಿ ತಲೆಬಾಗಿ ಕ್ಷಮೆ ಕೇಳೋ ಮನುಷ್ಯನ ಚಿತ್ರವೂ ಬೋರ್ಡಿನಲ್ಲಿರುತ್ತೆ. ಸುತ್ತುಬಳಸಿ ಹೋಗೋದು 'ತೋಮವರಿ', ಅಡ್ಡದಾರಿ 'ಚಿಕಮಿಚಿ'.

ಸಹೋದ್ಯೋಗಿಗಳ ಕಾರಿನಲ್ಲಿ ದೂರ ಹೋಗೋ ಸಂದರ್ಭ ಬರುತ್ತೆ. ಆಗ ಹೈವೇ ರೇಡಿಯೋ ಹಾಕಿಸು, 1620 ಕಿಲೋಹರ್ಟ್ಜ್. ಕಿವಿಗೆ ಅದಕ್ಕಿಂತ ಒಳ್ಳೆ ವ್ಯಾಯಾಮ ಬೇರೆ ಇಲ್ಲ, ಯಾಕೆಂದರೆ ಹೇಳಿದ್ದನ್ನೇ ಹೇಳ್ತಾರೆ, ನಿಧಾನಕ್ಕೆ ಹೇಳ್ತಾರೆ, ವಾಕ್ಯದ ಅಚ್ಚು ಬದಲಾಗಲ್ಲ: 'ಯಮತೊ ತೊನ್ನೆರು ಒ ಸೆಂತೋ ನಿ, ಗೊ ಕಿರೊ ನೊ ಜೂತೈ.' ಯಾಮಾತೊ ಸುರಂಗವನ್ನ ತಲೆಯಾಗಿಟ್ಟುಕೊಂಡು ಐದು ಕಿಲೋಮೀಟರಿನ ಜಾಮು. ಸಾಲಿನ ತಲೆ ಎಲ್ಲಿದೆ ಅಂತ ಮೊದಲು, ಬಾಲ ಎಷ್ಟು ಉದ್ದ ಅಂತ ಆಮೇಲೆ. ತೋಮೇ ಹೆದ್ದಾರಿಯ ಈ ಸುರಂಗ, ಚೂಓ ಹೆದ್ದಾರಿಯ ಕೊಬೊತೊಕೆ ಸುರಂಗ, ಎರಡೂ ಜಾಮಿಗೆ ಹೆಸರುವಾಸಿ. ಅಲ್ಲಿ ಅಪಘಾತವೇನೂ ಆಗಿರಬೇಕಿಲ್ಲ. ಇಳಿಜಾರು ಮುಗಿದು ಕಣ್ಣಿಗೆ ಕಾಣದಷ್ಟು ಸಣ್ಣ ಏರು ಶುರುವಾಗುತ್ತೆ, ಗೊತ್ತಿಲ್ಲದೆ ಮುಂದಿನ ಕಾರು ನಿಧಾನವಾಗುತ್ತೆ, ಹಿಂದಿನವನು ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನವನು ಇನ್ನೂ ಜೋರಾಗಿ. ಇದಕ್ಕೆ 'ಶಿಜ಼ೆನ್ ಜೂತೈ', ತಾನೇ ಹುಟ್ಟೋ ಜಾಮು ಅಂತ ಹೆಸರು. ನೀನು ಹೋಗ್ತಿರೋ ನಗೋಯಾದ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರಿನ ವೃತ್ತದಲ್ಲಿ 22 ಕಾರು ಬಿಟ್ಟು, ಯಾವ ಅಡ್ಡಿಯೂ ಇಲ್ಲದೆ ಜಾಮು ಹುಟ್ಟೋದನ್ನ ತೋರಿಸಿಕೊಟ್ಟರು. 2008ರಲ್ಲಿ ಪ್ರಕಟವಾದ ಆ ಪ್ರಯೋಗದ ಮಾತು ಎತ್ತಿದರೆ ನಿಮ್ಮ ಕಾರ್ಖಾನೆಯವರು ಕಣ್ಣರಳಿಸ್ತಾರೆ.

ರೇಡಿಯೋದಲ್ಲಿ 'ನೊಬೊರಿ', 'ಕುದರಿ' ಅಂತ ಬರುತ್ತೆ. ಟೋಕಿಯೊ ಕಡೆಗೆ ಹೋಗೋದು ನೊಬೊರಿ, ಏರು. ಟೋಕಿಯೊದಿಂದ ಹೊರಗೆ ಹೋಗೋದು ಕುದರಿ, ಇಳಿ. ನಮ್ಮ ರೈಲ್ವೆಯವರ ಅಪ್ ಡೌನ್ ಇದ್ದ ಹಾಗೆ. ಆಗಸ್ಟ್ ನಡುವಿನ ಒಬೊನ್ ಹಬ್ಬಕ್ಕೆ ಎಲ್ಲರೂ ಹುಟ್ಟೂರಿಗೆ ಹೊರಡುವಾಗ ಕುದರಿ ಜಾಮು, ಹಬ್ಬ ಮುಗಿಸಿ ವಾಪಸ್ಸಾಗುವಾಗ ನೊಬೊರಿ ಜಾಮು. ವಾಪಸ್ಸು ಬರೋದಕ್ಕೆ 'ಯೂ ತಾನ್ ರಶ್ಶು' ಅಂತಾರೆ, ಅಂದರೆ ಯೂ ಟರ್ನ್ ರಷ್ಷು. ಗೌರಿಹಬ್ಬ ಮುಗಿದ ಭಾನುವಾರ ರಾತ್ರಿ ತುಮಕೂರು ರಸ್ತೆ ನೋಡಿದವಳಿಗೆ ನಾನೇನು ವಿವರಿಸೋದು.

ಐಚಿಯ ರಸ್ತೆಗಳ ಬಗ್ಗೆ ಒಂದು ಎಚ್ಚರಿಕೆ. ಜಪಾನ್ ಅಂದರೆ ಎಲ್ಲರೂ ಶಿಸ್ತಿನ ಸಿಪಾಯಿಗಳು ಅಂತ ಕಣ್ಣು ಮುಚ್ಚಿ ದಾಟಬೇಡ. 2003ರಿಂದ 2018ರವರೆಗೆ ಸತತ 16 ವರ್ಷ ರಸ್ತೆ ಅಪಘಾತದ ಸಾವಿನಲ್ಲಿ ಇಡೀ ದೇಶಕ್ಕೆ ಐಚಿಯೇ ಮೊದಲು. ಅಡ್ಡಾದಿಡ್ಡಿ ಓಡಿಸೋದಕ್ಕೆ 'ನಗೊಯಬಶಿರಿ', ನಗೋಯಾ ಓಟ ಅಂತಲೇ ಹೆಸರು ಬಿದ್ದಿದೆ. ಕೆಂಪು ತಲೆಕೆಳಗಾದ ತ್ರಿಕೋನದಲ್ಲಿ 'ತೊಮರೆ' ಅಂತ ಬರೆದಿದ್ದರೆ, ನಿಲ್ಲು ಅಂತ. ಸೈಕಲ್ಲಲ್ಲಿದ್ದರೂ ಕಾಲು ನೆಲಕ್ಕೆ ಊರಿ ನಿಲ್ಲು.

ಕ್ಯೋಟೊಗೆ ಹೋದರೆ ಇಷ್ಟು ಹೊತ್ತು ಹೇಳಿದ್ದು ಸ್ವಲ್ಪ ಬದಲಾಗುತ್ತೆ. ಅಲ್ಲಿ ಬೀದಿಗೆ ಹೆಸರಿದೆ, ಊರು ಚೌಕಾಬಾರದ ಮನೆಯ ಹಾಗೆ ಕೊರೆದದ್ದು. ಎರಡು ಬೀದಿ ಕೂಡೋ ಜಾಗ ಹೇಳಿ, ಅಲ್ಲಿಂದ ಉತ್ತರಕ್ಕಾದರೆ 'ಅಗರು', ಏರು, ದಕ್ಷಿಣಕ್ಕಾದರೆ 'ಸಗರು', ಇಳಿ ಅಂತಾರೆ. 'ಕವರಮಚಿ ಸಂಜೋ ಅಗರು' ಅಂದರೆ ಕವರಮಚಿ, ಸಂಜೋ ಬೀದಿಗಳು ಸೇರೋ ಕಡೆಯಿಂದ ಉತ್ತರಕ್ಕೆ. ಅರಮನೆ ಉತ್ತರಕ್ಕೆ ಇತ್ತು, ಅದಕ್ಕೆ ಆ ಕಡೆಗೆ ಹೋಗೋದು ಏರು. ಟ್ಯಾಕ್ಸಿಯವರಿಗೆ ಇಷ್ಟು ಹೇಳಿ, ಕೊನೆಗೆ 'ಮದೆ ಒನೆಗೈ ಶಿಮಸ್' ಸೇರಿಸಿದರೆ ಮುಗೀತು. ಬಾಗಿಲಿಗೆ ಮಾತ್ರ ಕೈ ಹಾಕಬೇಡ, ಎಡಗಡೆ ಹಿಂದಿನ ಬಾಗಿಲು ತಾನೇ ತೆರೆಯುತ್ತೆ, ತಾನೇ ಮುಚ್ಚುತ್ತೆ.

ರೈಲು ತಡವಾದಾಗ ಕೇಳಿಬರೋ ಮಾತುಗಳನ್ನ ಬೇರೆಯಾಗಿ ಬರೆದಿಟ್ಟುಕೋ. 'ಒಕುರೆತೆ ಇಮಸ್' ಅಂದರೆ ತಡವಾಗಿದೆ. 'ಉಂತೆನ್ ಮಿಅವಸೆ' ಅಂದರೆ ಓಡಾಟವೇ ನಿಂತಿದೆ. 'ಉಂತೆನ್ ಸೈಕೈ' ಅಂದರೆ ಮತ್ತೆ ಶುರು. 'ಜಿನ್‌ಶಿನ್ ಜಿಕೊ' ಅಂತ ಬಂದರೆ ಹಳಿಯ ಮೇಲೆ ಮನುಷ್ಯನಿಗೆ ಅಪಾಯ ಆಗಿದೆ ಅಂತ. ಏನಾಯ್ತು, ಹೇಗಾಯ್ತು ಅಂತ ಯಾರನ್ನೂ ವಿಚಾರಿಸಬೇಡ, ಅಲ್ಲಿ ಯಾರೂ ವಿಚಾರಿಸಲ್ಲ. 'ಫುರಿಕಎ ಯುಸೋ ವ ಅರಿಮಸ್ ಕ' ಅಂತ ಕೇಳು. ನಿನ್ನ ಟಿಕೆಟ್ಟಲ್ಲೇ ಬೇರೆ ಕಂಪನಿಯ ರೈಲಿಗೋ ಬಸ್ಸಿಗೋ ಕಳಿಸೋ ವ್ಯವಸ್ಥೆ ಅದು. ಗೇಟಿನ ಹತ್ತಿರ 'ಚಿಎನ್ ಶೋಮೇಶೊ' ಅನ್ನೋ ಸಣ್ಣ ಚೀಟಿ ಕೊಡ್ತಾರೆ, ಇಂಥ ದಿನ ರೈಲು ಇಷ್ಟು ನಿಮಿಷ ತಡ ಅಂತ. ಇಸಕೊಂಡು ಆಫೀಸಿಗೆ ಕೊಡು. ಚೀಟಿ ಕೈಲಿದ್ದರೂ, ತಡವಾಗುತ್ತೆ ಅಂತ ಗೊತ್ತಾದ ಕ್ಷಣವೇ ಫೋನ್ ಮಾಡಬೇಕು: 'ದೆನ್ಶ ಗ ಒಕುರೆತೆ ಇತೆ, ಜುಪ್ಪುನ್ ಹೊದೊ ಒಕುರೆಸೋ ದೆಸ್. ಮೋಶಿವಕೆ ಅರಿಮಸೆನ್.' ರೈಲು ತಡ, ಹತ್ತು ನಿಮಿಷ ತಡವಾಗೋ ಹಾಗಿದೆ, ಕ್ಷಮಿಸಿ. ಬೆಂಗಳೂರಿನಲ್ಲಿ ಅರ್ಧ ಗಂಟೆ ತಡವಾಗಿ ಬಂದು 'ಟ್ರಾಫಿಕ್ ಸಾರ್' ಅಂದರೆ ಮೇಲಿನವರೂ ತಲೆಯಾಡಿಸ್ತಾರೆ, ಅವರೂ ಅದೇ ಟ್ರಾಫಿಕ್ಕಲ್ಲಿ ಬಂದವರು. ಅಲ್ಲಿ ಜೂತೈ ಇತ್ತು ಅನ್ನೋದು ನೆಪವಾಗಲ್ಲ. ಇರುತ್ತೆ ಅಂತ ಗೊತ್ತಿತ್ತಲ್ಲ, ಬೇಗ ಹೊರಡಬೇಕಿತ್ತು ಅಂತಾರೆ. ನನ್ನನ್ನ ಕೇಳಿದರೆ ಅದು ಸ್ವಲ್ಪ ಅತಿಯೇ. ಆದರೆ ಅವರ ಊರಿಗೆ ಹೋಗೋದು ನಾವು.

ಹೊರಡೋಕೆ ಇನ್ನೂ ಆರು ವಾರ ಇದೆಯಲ್ಲ, ಪುಸ್ತಕ ಪಕ್ಕಕ್ಕಿಟ್ಟು ನಿನ್ನ ದಿನದ ದಾರಿಯನ್ನೇ ಜಪಾನಿಯಲ್ಲಿ ಹೇಳಿಕೊಳ್ಳೋ ಅಭ್ಯಾಸ ಮಾಡು. ಆಫೀಸಿನ ವ್ಯಾನಿನ ಕಿಟಕಿಯಲ್ಲಿ ಕೂತು, ಕತ್ರಿಗುಪ್ಪೆ ಕರ ಬಿಡದಿ ಮದೆ. ರಿಂಗ್ ರೋಡಲ್ಲಿ ಮಸ್ಸುಗು ಇತ್ತೆ, ನಾಯಂಡಹಳ್ಳಿ ನೊ ಕೋಸತೆನ್ ಒ ಹಿದರಿ ನಿ ಮಗತ್ತೆ, ಕೆಂಗೇರಿ ಕೇಯು. ಮೆಟ್ರೊದಲ್ಲಿ ಹೋಗೋ ದಿನವಾದರೆ ಬನಶಂಕರಿಯಲ್ಲಿ ಹತ್ತಿ, ಮೆಜೆಸ್ಟಿಕ್ ದೆ ನೊರಿಕಎ, ಚಲ್ಲಘಟ್ಟ ಮದೆ. ವ್ಯಾನು ನಾಯಂಡಹಳ್ಳಿಯಲ್ಲಿ ನಿಂತುಹೋದರೆ 'ಮಿಚಿ ಗ ಕೊಂದೆ ಇಮಸ್' ಅನ್ನೋಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಶನಿವಾರ ಫೋನ್ ಮಾಡ್ತೀನಿ. ನಾನು ದಾರಿ ಗೊತ್ತಿಲ್ಲದವನ ಹಾಗೆ ಕೇಳ್ತೀನಿ, ನೀನು ಹೇಳಬೇಕು, ಪ್ರತಿ ತುಣುಕಿಗೂ 'ನೆ' ಹಾಕಿ. ಆಮೇಲೆ ನಾನು ಹೇಳ್ತೀನಿ, ಬೇಕಂತಲೇ ಒಂದು ಕಡೆ ಎಡ ಅನ್ನೋ ಜಾಗದಲ್ಲಿ ಬಲ ಹೇಳ್ತೀನಿ, ನೀನು 'ದೆಸ್ ನೆ?' ಅಂತ ತಿರುಗಿ ಒಪ್ಪಿಸುವಾಗ ಅದನ್ನ ಹಿಡೀಬೇಕು. ಬೆಳಿಗ್ಗೆ ಎಂಟರೊಳಗೆ ಆಗಲಿ, ಆಮೇಲೆ ನಿಮ್ಮ ದೊಡ್ಡಮ್ಮ ತರಕಾರಿಗೆ ಕಳಿಸ್ತಾಳೆ.

ನಿನ್ನ ದೊಡ್ಡಪ್ಪ